ಒಂದು ಕೈ ಲಗಾಮು, ಎರಡು ಕೈ ಲಗಾಮು

(ದೃಶ್ಯ: ಮೇಜಿನ ಮೇಲೆ ಎರಡು ಕಡಿವಾಣ. ಒಂದಕ್ಕೆ ಎರಡೂ ಬದಿ ದುಂಡನೆಯ ಬಳೆ. ಇನ್ನೊಂದಕ್ಕೆ ಎರಡೂ ಬದಿ ಉದ್ದನೆಯ ಕಾಲು.)

ನಮಸ್ಕಾರ. ಈ ಎರಡರಲ್ಲಿ ಕುದುರೆಗೆ ಯಾವುದು ಜಾಸ್ತಿ ನೋವು ಕೊಡುತ್ತದೆ? ಯಾರನ್ನು ಕೇಳಿದರೂ ಈ ಉದ್ದ ಕಾಲಿನದನ್ನೇ ತೋರಿಸುತ್ತಾರೆ. ಆದರೆ ವೆಸ್ಟರ್ನ್, ಅಂದರೆ ಅಮೆರಿಕದ ದನಗಾಹಿಗಳ ಶೈಲಿಯ ಸವಾರಿಗೆ ಚೆನ್ನಾಗಿ ಪಳಗಿದ ಕುದುರೆಯನ್ನು ನೋಡಿ. ಇದೇ ಕಡಿವಾಣ ಬಾಯಲ್ಲಿದೆ, ಲಗಾಮು ಮಾತ್ರ ಸಡಿಲವಾಗಿ ಜೋತಾಡುತ್ತಿದೆ. ಬಳೆ ಕಡಿವಾಣ ಹಾಕಿದ, ಇಂಗ್ಲಿಷ್ ಶೈಲಿಯ ಸವಾರಿಯ ಕುದುರೆಯ ಲಗಾಮು ಹೆಚ್ಚು ಹೊತ್ತು ನೇರವಾಗಿ, ಸವಾರನ ಕೈಗೆ ತಾಗಿಕೊಂಡೇ ಇರುತ್ತದೆ. ಯಾಕೆ ಹೀಗೆ? ಬನ್ನಿ, ಕುದುರೆಯ ಬಾಯಿಂದಲೇ ಶುರು ಮಾಡೋಣ.

(ದೃಶ್ಯ: ಕುದುರೆಯ ದವಡೆಯ ಚಿತ್ರ)

ಮುಂದೆ ಹುಲ್ಲು ಕತ್ತರಿಸುವ ಹಲ್ಲುಗಳು. ಮೇಲೆ 6, ಕೆಳಗೆ 6. ಹಿಂದೆ ಅರೆಯುವ ದವಡೆ ಹಲ್ಲು. ನಡುವೆ ಒಂದಷ್ಟು ಜಾಗ ಖಾಲಿ. ಕಡಿವಾಣ ಕೂರುವುದು ಅಲ್ಲಿ. ಹೆಸರಲ್ಲಿ 'ಕಡಿ' ಇದ್ದರೂ ಕುದುರೆ ಅದನ್ನು ಕಡಿದು ಹಿಡಿಯುವುದಿಲ್ಲ, ಅದು ನಾಲಿಗೆಯ ಮೇಲೆ, ವಸಡಿನ ಮೇಲೆ ಕೂತಿರುತ್ತದೆ.

ಆ ವಸಡು ಎಷ್ಟು ಸೂಕ್ಷ್ಮ ಗೊತ್ತಾ? ನಿಮ್ಮ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯನ್ನು ಬೆರಳಿಂದ ಒತ್ತಿ ನೋಡಿ. ಅಲ್ಲಿ ಮಾಂಸವೇ ಇಲ್ಲ. ಕತ್ತಲಲ್ಲಿ ಮಂಚದ ಕಾಲು ತಗುಲಿದರೆ ಜೀವ ಹೋದ ಹಾಗಾಗುತ್ತದೆ, ಅಲ್ವಾ? ಕುದುರೆಯ ಕೆಳದವಡೆಯ ಆ ಜಾಗವೂ ಹಾಗೇ. ತೆಳು ವಸಡು, ಅದರ ಕೆಳಗೆ ನೇರ ಮೂಳೆ.

(ದೃಶ್ಯ: ಬಳೆ ಕಡಿವಾಣ ಕೈಯಲ್ಲಿ)

ಈಗ ಇದು. ಹೆಸರು ಸ್ನ್ಯಾಫಲ್. ಲಗಾಮು ಕಟ್ಟುವುದು ಈ ಬಳೆಗೆ, ಬಾಯೊಳಗಿನ ಕಂಬಿಯ ನೇರಕ್ಕೆ. ನೀವು ಒಂದು ಕೆಜಿ ಬಲ ಹಾಕಿದರೆ ಬಾಯಿಗೂ ಹೆಚ್ಚುಕಡಿಮೆ ಅಷ್ಟೇ ಸೇರುತ್ತದೆ. ಬಲಗಡೆ ಎಳೆದರೆ ಮುಖ್ಯವಾಗಿ ಬಲಗಡೆ ಗೊತ್ತಾಗುತ್ತದೆ. ಅದಕ್ಕೇ ಎರಡು ಕೈ ಬೇಕು.

ಲಗಾಮು ಹಿಡಿಯುವ ರೀತಿ ನೋಡಿ. ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವಿಂದ ಒಳಗೆ ಬಂದು, ಅಂಗೈ ದಾಟಿ, ತೋರುಬೆರಳಿನ ಮೇಲೆ ಹೊರಗೆ. ಅದರ ಮೇಲೆ ಹೆಬ್ಬೆರಳು. ಹೆಬ್ಬೆರಳು ಮೇಲ್ಮುಖವಾಗಿರಲಿ, ಪಕ್ಕಕ್ಕೆ ಬೀಳಬಾರದು. ಮೊಣಕೈಯಿಂದ ಕಡಿವಾಣದವರೆಗೆ ಪಕ್ಕದಿಂದ ನೋಡಿದರೆ ಒಂದೇ ಗೆರೆ. ಮಣಿಕಟ್ಟು ಮುರಿದರೆ ಆ ಗೆರೆಯೂ ಮುರಿಯುತ್ತದೆ.

ಇಂಗ್ಲಿಷ್ ಸವಾರಿಯವರು ಇದನ್ನು 'ಕಾಂಟ್ಯಾಕ್ಟ್' ಅನ್ನುತ್ತಾರೆ. ಕೈ ಮತ್ತು ಬಾಯಿಯ ನಡುವೆ ಸದಾ ಇರುವ ಹಗುರ ಸಂಪರ್ಕ. ಕೈಯನ್ನು ಅಲ್ಲಾಡಿಸದೆ ಒಂದೇ ಕಡೆ ಗಟ್ಟಿಯಾಗಿ ಹಿಡಿಯುವುದೇ ಇದು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಕುದುರೆ ನಡೆಯುವಾಗ ತಲೆ ಹಿಂದೆ ಮುಂದೆ ಆಡುತ್ತದೆ. ಕ್ಯಾಂಟರ್, ಅಂದರೆ ಹದವಾದ ನೆಗೆತದ ಓಟದಲ್ಲೂ ಅಷ್ಟೇ. ಟ್ರಾಟ್, ಅಂದರೆ ನಡಿಗೆಗಿಂತ ಜೋರಾದ ಕುಲುಕು ಓಟದಲ್ಲಿ ಮಾತ್ರ ತಲೆ ಬಹುಮಟ್ಟಿಗೆ ನಿಶ್ಚಲ. ಹಾಗಾಗಿ ನಡಿಗೆಯಲ್ಲಿ, ಕ್ಯಾಂಟರ್‌ನಲ್ಲಿ ನಿಮ್ಮ ಮೊಣಕೈ ಬಿಚ್ಚಿ ಮುಚ್ಚಿ ತಲೆಯ ಜೊತೆ ಹೋಗಬೇಕು. ಟ್ರಾಟ್‌ನಲ್ಲಿ ಕೈ ಸುಮ್ಮನಿರಬೇಕು. ಮೈ ಮೇಲೆ ಕೆಳಗೆ ಹೋದರೂ ಕೈ ಹೋಗಬಾರದು. ಇದು ಬರೋದಕ್ಕೆ ತಿಂಗಳುಗಟ್ಟಲೆ ಬೇಕು.

(ದೃಶ್ಯ: ಇಬ್ಬರು ಎದುರುಬದುರು ಕೂತು ರಿಬ್ಬನ್ ಹಿಡಿದಿದ್ದಾರೆ)

ಮನೆಯಲ್ಲೇ ಇದನ್ನು ಮಾಡಿ ನೋಡಿ. ಒಂದು ಉದ್ದನೆಯ ರಿಬ್ಬನ್ ತಗೊಳ್ಳಿ. ಅದರ ನಡುಭಾಗವನ್ನು ಸ್ನೇಹಿತರು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಲಿ. ಅವರು ಕುದುರೆ. ಎರಡು ತುದಿ ನಿಮ್ಮ ಕೈಯಲ್ಲಿ. ಈಗ ಒಂದು ಕಡೆಯ ಬೆರಳುಗಳನ್ನು ಮಾತ್ರ ಮೆಲ್ಲಗೆ ಬಿಗಿ ಮಾಡಿ, ತೋಳು ಆಡಿಸಬೇಡಿ. 'ಎಡಗಡೆ' ಅಂತ ಅವರು ತಕ್ಷಣ ಹೇಳುತ್ತಾರೆ. ಈಗ ಜಗ್ಗಿ. ಅವರು ತಮಗೇ ಗೊತ್ತಿಲ್ಲದೆ ವಾಪಸ್ ಜಗ್ಗುತ್ತಾರೆ.

ಕುದುರೆ ಮಾಡುವುದೂ ಅದನ್ನೇ. ನಾನು ಕಲಿಯಲು ಶುರು ಮಾಡಿದ ದಿನಗಳಲ್ಲಿ ಒಂದು ವಯಸ್ಸಾದ ಹೆಣ್ಣು ಕುದುರೆ ಕೊಟ್ಟಿದ್ದರು. ಅದು ಜೋರಾದಾಗೆಲ್ಲ ನಾನು ಎರಡೂ ಕೈಯಿಂದ ಎಳೆದು ಹಿಡಿಯುತ್ತಿದ್ದೆ. ಅದು ಇನ್ನೂ ಜೋರಾಗುತ್ತಿತ್ತು. 'ಖರ್ಚಿಗೆ ಕಡಿವಾಣ', 'ಬಾಯಿಗೆ ಕಡಿವಾಣ' ಅಂತ ಕೇಳಿ ಬೆಳೆದವನು ನಾನು, ಅದು ಬ್ರೇಕ್ ಅಂತಲೇ ನಂಬಿದ್ದೆ. ಒಂದು ಸಲ ಇಳಿದ ಮೇಲೆ ಅದರ ತುಟಿಯ ಮೂಲೆ ನೋಡಿದೆ. ಕೆಂಪಗೆ ತರಚಿತ್ತು. ಅದು ನನ್ನ ಕೈ ಮಾಡಿದ ಗಾಯ. ಇವತ್ತಿಗೂ ಸವಾರಿ ಮುಗಿದ ಕೂಡಲೇ ಮೊದಲು ತುಟಿಯ ಮೂಲೆ ನೋಡುತ್ತೇನೆ.

ಹಾಗಾದರೆ ನಿಲ್ಲಿಸುವುದು ಹೇಗೆ? ಮೊದಲು ಕೂತ ರೀತಿಯಿಂದ. ಉಸಿರು ಬಿಟ್ಟು, ಜೀನಿನಲ್ಲಿ ಗಟ್ಟಿಯಾಗಿ ಕೂತು, ಕುದುರೆಯ ಓಟದ ಜೊತೆ ಸೊಂಟ ಆಡಿಸುವುದನ್ನು ನಿಲ್ಲಿಸಿ. ಆಮೇಲೆ ಬೆರಳು ಬಿಗಿ ಮಾಡಿ. ಕುದುರೆ ಒಪ್ಪಿದ ಆ ಕ್ಷಣವೇ ಸಡಿಲ ಬಿಡಿ. ಕುದುರೆ ಕಲಿಯುವುದು ಆ ಸಡಿಲದಿಂದ. ಬಿಡಲು ತಡ ಮಾಡಿದರೆ ತಾನು ಮಾಡಿದ್ದು ಸರಿಯೋ ತಪ್ಪೋ ಅದಕ್ಕೆ ಗೊತ್ತಾಗುವುದೇ ಇಲ್ಲ.

ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ ಅನ್ನುವ, ಅಡ್ಡಗಟ್ಟೆ ಹಾರುವುದೂ ಸೇರಿದ ಕುದುರೆ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರಲ್ಲ, ಆ ಆಟದ ವಿಡಿಯೋ ಯಾವುದಾದರೂ ಸಿಕ್ಕರೆ ಸವಾರರ ಕೈ ಮಾತ್ರ ನೋಡಿ. ಕುದುರೆ ಅಡ್ಡಗಟ್ಟೆ ಹಾರುವಾಗ ಕತ್ತು ಉದ್ದ ಚಾಚುತ್ತದೆ. ಒಳ್ಳೆ ಸವಾರನ ಕೈ ಅದರ ಜೊತೆಗೇ ಮುಂದೆ ಹೋಗುತ್ತದೆ. ಹೋಗದಿದ್ದರೆ ಹಾರಿದ್ದಕ್ಕೆ ಕುದುರೆಗೆ ಬಾಯಲ್ಲಿ ಏಟು ಬಿದ್ದಂತೆ.

(ದೃಶ್ಯ: ಉದ್ದ ಕಾಲಿನ ಕಡಿವಾಣ ಕೈಯಲ್ಲಿ)

ಇನ್ನು ಇದು. ಕರ್ಬ್ ಕಡಿವಾಣ. ಹಾರೆಯಲ್ಲಿ ಕಲ್ಲು ಮೀಟಿದ್ದೀರಾ? ಹಾರೆ ಉದ್ದವಾದಷ್ಟೂ ಕೈಗೆ ಕೆಲಸ ಕಡಿಮೆ, ಕಲ್ಲಿಗೆ ಬಲ ಜಾಸ್ತಿ. ಇಲ್ಲೂ ಅದೇ ಲೆಕ್ಕ. ಬಾಯೊಳಗಿನ ಕಂಬಿಯಿಂದ ಮೇಲಕ್ಕೆ ಕಾಲಿನ ಭಾಗ ಒಂದೂವರೆ ಇಂಚು, ಕೆಳಗಿನ ಕಾಲು ನಾಲ್ಕೂವರೆ ಇಂಚು ಇದೆ ಅಂದುಕೊಳ್ಳಿ. ಲಗಾಮು ಕಟ್ಟುವುದು ಆ ಕಾಲಿನ ತುದಿಗೆ. ನೀವು ಹಾಕಿದ ಬಲ ಸುಮಾರು 3 ಪಟ್ಟಾಗುತ್ತದೆ. ಗದ್ದದ ಕೆಳಗೆ ಒಂದು ಪಟ್ಟಿ ಅಥವಾ ಸರಪಳಿ ಇದೆ. ಕಾಲು ತಿರುಗಿದಾಗ ಅದು ಗದ್ದವನ್ನು ಹಿಡಿಯುತ್ತದೆ. ಹೀಗಾಗಿ ಒತ್ತಡ ಬಾಯಿಗೆ, ಗದ್ದಕ್ಕೆ, ನೆತ್ತಿಯ ಹಿಂದಿನ ಪಟ್ಟಿಗೆ, ಮೂರಕ್ಕೂ ಹೋಗುತ್ತದೆ. ಸರಪಳಿಯ ಕೆಳಗೆ ಎರಡು ಬೆರಳು ತೂರಬೇಕು.

ಇದನ್ನು ಎರಡು ಕೈಯಲ್ಲಿ ಎಳೆಯುತ್ತಾ ಸವಾರಿ ಮಾಡಿದರೆ ಹಿಂಸೆ. ಅದಕ್ಕೇ ಲಗಾಮು ಸಡಿಲ. ಕೈ ಒಂದಿಷ್ಟು ಮೇಲೆತ್ತಿದರೆ ಸಾಕು, ತೊಗಲಿನ ಲಗಾಮಿನ ಭಾರ ಬದಲಾಗುತ್ತದೆ, ಉದ್ದ ಕಾಲು ಅಲ್ಲಾಡುತ್ತದೆ. ಸರಪಳಿ ಹಿಡಿಯುವ ಮೊದಲೇ ಕುದುರೆಗೆ ಸುದ್ದಿ ಮುಟ್ಟಿರುತ್ತದೆ. ಪಳಗಿದ ಕುದುರೆ ಅಷ್ಟರಲ್ಲೇ ನಿಂತುಬಿಡುತ್ತದೆ.

ಒಂದೇ ಕೈ ಯಾಕೆ? ದನ ಕಾಯುವ ಕೆಲಸ. ಸ್ಪೇನ್‌ನಿಂದ ಮೆಕ್ಸಿಕೊಗೆ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ವಕೇರೊಗಳ, ಅಂದರೆ ಕುದುರೆ ಮೇಲೆ ದನ ಕಾಯುವವರ ವಿದ್ಯೆ ಇದು. ಒಂದು ಕೈಯಲ್ಲಿ ಹಗ್ಗದ ಕುಣಿಕೆ. ಲಗಾಮಿಗೆ ಉಳಿಯುವುದು ಇನ್ನೊಂದು ಕೈ ಮಾತ್ರ. ಆದರೆ ಅವರು ಎಳೆಯ ಕುದುರೆಗೆ ಈ ಕಡಿವಾಣ ಹಾಕುತ್ತಿರಲಿಲ್ಲ. ಮೊದಲು ಮೂಗಿನ ಮೇಲೆ ಕೂರುವ ಹೆಣೆದ ತೊಗಲಿನ ಪಟ್ಟಿ, ಹ್ಯಾಕಮೋರ್. ಬಾಯಲ್ಲಿ ಏನೂ ಇಲ್ಲ. ಆಮೇಲೆ ಅದರ ಜೊತೆಗೇ ಕಡಿವಾಣ, ಕುದುರೆ ಅದನ್ನು ಸುಮ್ಮನೆ ಹೊತ್ತುಕೊಂಡು ಅಭ್ಯಾಸ ಮಾಡಿಕೊಳ್ಳಲಿ ಅಂತ. ಕೊನೆಗೆ ಕಡಿವಾಣ ಒಂದೇ. ಇದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. ಆ ತಾಳ್ಮೆ ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ.

(ದೃಶ್ಯ: ಮೇಲಿಂದ ತೆಗೆದ ಶಾಟ್. ಲಗಾಮು ಕತ್ತಿಗೆ ತಾಗುತ್ತದೆ, ಕುದುರೆ ತಿರುಗುತ್ತದೆ.)

ಬಲಕ್ಕೆ ತಿರುಗಬೇಕಾದರೆ ಕೈಯನ್ನು ಸ್ವಲ್ಪ ಬಲಕ್ಕೆ ತನ್ನಿ. ಎಡಗಡೆಯ ಲಗಾಮು ಕತ್ತಿನ ಎಡಬದಿಗೆ ಮೆಲ್ಲಗೆ ತಾಗುತ್ತದೆ. ಕುದುರೆ ಆ ಸ್ಪರ್ಶದಿಂದ ದೂರ ಸರಿಯುತ್ತದೆ. ಇದು ನೆಕ್ ರೈನಿಂಗ್. ಹೊಸಬರು ತಪ್ಪುವುದು ಇಲ್ಲೇ. ತಿರುಗಲಿಲ್ಲ ಅಂತ ಕೈಯನ್ನು ಇನ್ನೂ ದೂರ ಒಯ್ಯುತ್ತಾರೆ. ಆಗ ಎಡ ಲಗಾಮು ಬಿಗಿಯಾಗಿ ಕಡಿವಾಣದ ಎಡಬದಿ ಎಳೆಯುತ್ತದೆ, ಮೂಗು ಎಡಕ್ಕೆ ತಿರುಗುತ್ತದೆ. ಬಲಕ್ಕೆ ಹೋಗು ಅನ್ನುತ್ತಲೇ ಎಡಕ್ಕೆ ನೋಡು ಅಂದಂತಾಯಿತು.

ಇಂಗ್ಲಿಷ್ ಸವಾರಿಯಲ್ಲಿ ಕರ್ಬ್ ಇಲ್ಲವೇ ಇಲ್ಲ ಅಂತಲ್ಲ. ಡ್ರೆಸಾಜ್, ಅಂದರೆ ಕುದುರೆಯ ನಡೆಯ ನಿಖರತೆ ನೋಡುವ ಸ್ಪರ್ಧೆಯ ಮೇಲ್ಮಟ್ಟದಲ್ಲಿ ಒಂದೇ ಬಾಯಿಗೆ ಎರಡೂ ಕಡಿವಾಣ, ನಾಲ್ಕು ಲಗಾಮು.

ಕೊಳ್ಳುವವರಿಗೆ ಒಂದು ಮಾತು. ಕಂಬಿಯ ನಡುವೆ ಕೀಲು ಇದ್ದರೆ ಅದು ಸ್ನ್ಯಾಫಲ್ ಅಂತ ಅಂಗಡಿಯಲ್ಲಿ ಹೇಳಬಹುದು. ನಂಬಬೇಡಿ. ಲಗಾಮು ಕಾಲಿನ ತುದಿಗೆ ಕಟ್ಟುವಂತಿದ್ದರೆ ಅದು ಕರ್ಬ್, ಕೀಲು ಇರಲಿ ಬಿಡಲಿ. ಟಾಮ್ ಥಂಬ್ ಅನ್ನುವ ಕಡಿವಾಣ ಇಂಥದ್ದೇ. ಮೆದು ಅಂದುಕೊಂಡು ಎಷ್ಟೋ ಜನ ಅದನ್ನು ಎಳೆಯ ಕುದುರೆಗೆ ಹಾಕುತ್ತಾರೆ.

(ದೃಶ್ಯ: ಸವಾರಿ ಮುಗಿದಿದೆ. ಬ್ರೈಡಲ್, ಅಂದರೆ ಕಡಿವಾಣ ಹಿಡಿದಿಡುವ ತಲೆಪಟ್ಟಿ ಬಿಚ್ಚುವ ಕೈಗಳು.)

ಕೊನೆಗೆ ಬಿಚ್ಚುವಾಗ. ಕಿವಿಯ ಹಿಂದಿನ ಪಟ್ಟಿಯನ್ನು ಮುಂದಕ್ಕೆ ಜಾರಿಸಿ, ಆದರೆ ಕೆಳಗೆ ಎಳೆಯಬೇಡಿ. ಹಾಗೇ ಹಿಡಿದುಕೊಂಡು ನಿಲ್ಲಿ. ಕುದುರೆ ತಾನಾಗಿ ಬಾಯಿ ತೆರೆದು, ನಾಲಿಗೆಯಿಂದ ತಳ್ಳಿ ಕಡಿವಾಣ ಬಿಡುತ್ತದೆ. ಅವಸರ ಮಾಡಿದರೆ ಕಬ್ಬಿಣ ಮುಂದಿನ ಹಲ್ಲಿಗೆ ಬಡಿಯುತ್ತದೆ. ನಾಳೆ ನೀವು ಕಡಿವಾಣ ಹಿಡಿದು ಹತ್ತಿರ ಹೋದಾಗ ಅದು ತಲೆ ಮೇಲೆತ್ತಿ ಹಿಂದೆ ಸರಿಯುತ್ತದೆ.