ಟಕ್ ಟಕ್ ಎನ್ನುವ ಹಾರ್ಡ್ ಡಿಸ್ಕ್

ಕೇಳುಗರಿಗೆ ನಮಸ್ಕಾರ.

ಮದುವೆಯ ಫೋಟೊ, ಮಕ್ಕಳ ವಿಡಿಯೊ, ಅಂಗಡಿಯ ಲೆಕ್ಕ ಎಲ್ಲ ತುಂಬಿಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಒಂದು ದಿನ ಕಂಪ್ಯೂಟರಿಗೆ ಸಿಕ್ಕಿಸಿದರೆ ಒಂದೊಂದು ಫೋಲ್ಡರ್ ತೆರೆಯಲು ಐದು ನಿಮಿಷ. ಇಲ್ಲವೇ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಪರದೆ ಕೇಳುತ್ತದೆ. ಅದಕ್ಕೆ ಹೂಂ ಅನ್ನಬೇಡಿ, ಕ್ಯಾನ್ಸಲ್ ಒತ್ತಿ.

ಮೊದಲ ಅನುಮಾನ ಕೇಬಲ್ ಮೇಲಿರಲಿ. ಅಂಗೈಯಗಲದ 2.5 ಇಂಚಿನ ಡಿಸ್ಕಿಗೆ ಬೇರೆ ಕರೆಂಟ್ ಇಲ್ಲ, ಯುಎಸ್‌ಬಿ ತಂತಿಯಲ್ಲಿ ಬರುವ 5 ವೋಲ್ಟೇ ಅದರ ಊಟ. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಮಾಹಿತಿ ಬರೆದಿಟ್ಟಿರುವ ಒಳಗಿನ ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲೇ ಡಿಸ್ಕಿಗೆ ಹಸಿವು ಜಾಸ್ತಿ. ಒಂದು ಪೋರ್ಟನ್ನು ಹಲವಾಗಿಸುವ ಹಬ್ ನಡುವೆ ಇದ್ದರೆ ತೆಗೆದು, ಬೇರೆ ಗಿಡ್ಡ ಕೇಬಲ್ ಹಾಕಿ, ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟಿಗೇ ಸಿಕ್ಕಿಸಿ. ಕೇಬಲ್ಲಿನ ಆ ಚಪ್ಪಟೆ ಅಗಲ ತುದಿ ಬೇಗ ಸಡಿಲವಾಗುತ್ತದೆ.

ಆಮೇಲೆ ಕಿವಿಗೊಡಿ. ಇದು ರೇಡಿಯೊದಲ್ಲಿ ಹೇಳಲು ಒಗ್ಗುವ ವಿಷಯವೇ. ಸಮನಾದ ಗುಂಯ್ ಸದ್ದು ಬಂದರೆ ತಟ್ಟೆ ತಿರುಗುತ್ತಿದೆ. ಟಕ್... ಟಕ್... ಎಂದರೆ ಓದುವ ಹೆಡ್ ತಟ್ಟೆಯ ಮೇಲಿನ ದಾರಿಗುರುತು ಸಿಗದೆ ಹಿಂದೆ ಸರಿದು ಮತ್ತೆ ಮತ್ತೆ ಹುಡುಕುತ್ತಿದೆ. ಸಣ್ಣಗೆ ಕೀಂ ಕೀಂ ಎಂದರೆ ಮೋಟಾರು ತಿಣುಕುತ್ತಿದೆ: ಕರೆಂಟ್ ಸಾಲದು, ಇಲ್ಲವೇ ಹೆಡ್ ತಟ್ಟೆಗೆ ಅಂಟಿಕೊಂಡಿದೆ. ಒಳ್ಳೆಯ ಕೇಬಲ್ ಹಾಕಿದ ಮೇಲೂ ಟಕ್ ಟಕ್ ಅಥವಾ ಕೀಂ ಕೀಂ ನಿಲ್ಲದಿದ್ದರೆ ಕೇಬಲ್ ಕಿತ್ತುಬಿಡಿ. ‘ಇನ್ನೊಂದ್ಸಲ ನೋಡೋಣ’ ಎನ್ನುವುದೇ ಡಿಸ್ಕನ್ನು ಕೊಲ್ಲುವ ಮಾತು. ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಹೆಡ್ ಮುರಿದಿದ್ದರೆ ಪ್ರತಿ ಸುತ್ತಿಗೂ ಒಂದು ಗೀರು.

ಮುಚ್ಚಳ ಬಿಚ್ಚಬೇಡಿ. ಆ ಎತ್ತರದ ಮುಂದೆ ನಮ್ಮ ಮನೆಯ ಧೂಳಿನ ಕಣ ಬಂಡೆಗಲ್ಲು. ಫ್ರೀಜರ್‌ನಲ್ಲಿಡುವ ಸಲಹೆ ಈಗಲೂ ಓಡಾಡುತ್ತಿದೆ. ಹೊರತೆಗೆದ ಕೂಡಲೇ ತಟ್ಟೆಯ ಮೇಲೆ ನೀರಿನ ಪಸೆ ಕೂರುತ್ತದೆ, ಅಷ್ಟೇ ಲಾಭ. ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಕಳಚಿ ಅದೇ ಮಾಡೆಲ್ಲಿನ ಇನ್ನೊಂದು ಬೋರ್ಡ್ ಹಾಕಿದರೂ ಸಾಮಾನ್ಯವಾಗಿ ನಡೆಯದು. ಆ ಒಂದು ಡಿಸ್ಕಿಗೆಂದೇ ಬರೆದ ಮಾಹಿತಿ ಹಳೆಯ ಬೋರ್ಡಿನ ಚಿಪ್‌ನಲ್ಲಿರುತ್ತದೆ. ಯುಎಸ್‌ಬಿ ಪೋರ್ಟ್ ನೇರ ಬೋರ್ಡಿಗೇ ಬೆಸೆದ ಮಾದರಿಗಳೂ ಇವೆ. ಅವುಗಳಲ್ಲಿ ಹಲವು, ನೀವು ಪಾಸ್‌ವರ್ಡ್ ಇಡದಿದ್ದರೂ, ಮಾಹಿತಿಯನ್ನು ಗೂಢಲಿಪಿಯಲ್ಲೇ ಬರೆದಿರುತ್ತವೆ.

ಸದ್ದೇನೂ ಇಲ್ಲ, ನಿಧಾನ ಮಾತ್ರ ಎಂದಾದರೆ ದಾರಿಯಿದೆ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಸಾಲು ನೋಡಿ: 05, ಸಿ5, ಸಿ6. ತಟ್ಟೆಯ ಮೇಲೆ ಮಾಹಿತಿ ಬರೆಯುವ ಸಣ್ಣ ಸಣ್ಣ ತುಣುಕುಗಳೇ ಸೆಕ್ಟರ್. ಮೊದಲನೆಯದು ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರ್‌ಗಳ ಲೆಕ್ಕ, ಎರಡನೆಯದು ಓದಲಾಗದೆ ಕಾದಿರುವವು, ಮೂರನೆಯದು ತಪಾಸಣೆಯಲ್ಲಿ ಓದಲಾಗದೆ ಹೋದವು. ಈ ಅಂಕಿಗಳು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಈ ಸ್ಥಿತಿಯಲ್ಲಿ ವಿಂಡೋಸ್‌ನ ಚೆಕ್ ಡಿಸ್ಕ್ ಎಂಬ ರಿಪೇರಿ ಸಾಧನ ಓಡಿಸಬಾರದು. ಅದು ರಿಪೇರಿಯ ಹೆಸರಿನಲ್ಲಿ ಡಿಸ್ಕಿನ ಮೇಲೇ ಬರೆಯುತ್ತದೆ. ಓದಲಾಗದ ಫೋಲ್ಡರಿನ ಕೊಂಡಿಯನ್ನೇ ಕತ್ತರಿಸಿಬಿಡಬಹುದು.

ಮೊದಲು ನಕಲು. ಕೆಲವೇ ಫೈಲು ಮುಖ್ಯವಾಗಿದ್ದರೆ ಅವನ್ನು ಮೊದಲು ಎತ್ತಿಕೊಳ್ಳಿ. ಇಡೀ ಡಿಸ್ಕ್ ಬೇಕೆಂದರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರುಮಾಡಿ, ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಬಳಸಿ. ಇದು ಕೆಟ್ಟ ಜಾಗದಲ್ಲಿ ಜಗ್ಗಾಡದೆ ಮುಂದೆ ಹಾರಿ, ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ಕಷ್ಟದ್ದಕ್ಕೆ ಕೊನೆಗೆ ಬರುತ್ತದೆ. ಆಜ್ಞೆಯಲ್ಲಿ ಹೈಫನ್ ಡಿ, ಹೈಫನ್ ಎನ್, ನಂತರ ಕೆಟ್ಟ ಡಿಸ್ಕಿನ ಹೆಸರು, ಇಡೀ ಡಿಸ್ಕಿನ ನಕಲು ಕೂರುವ ಇಮೇಜ್ ಫೈಲಿನ ಹೆಸರು, ಕೊನೆಗೆ ಎಲ್ಲಿಯವರೆಗೆ ಓದಿತೆಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರು. ಮ್ಯಾಪ್ ಫೈಲ್ ಮರೆಯಬೇಡಿ: ಅದಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯಬಹುದು. ಎರಡನೆಯ ಸುತ್ತಿನಲ್ಲಿ ಎನ್ ಬಿಟ್ಟು ಹೈಫನ್ ಆರ್ 3 ಹಾಕಿ. ಕೆಟ್ಟ ಜಾಗಗಳನ್ನು ಮೂರು ಸಲ ಮತ್ತೆ ಓದಿ ನೋಡುತ್ತದೆ. ಡಿಸ್ಕ್‌ಗಳ ಹೆಸರು, ಗಾತ್ರವನ್ನು ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಲ್ಲಿ ಎರಡೆರಡು ಸಲ ನೋಡಿಕೊಳ್ಳಿ. ಒಂದು ಡಿಸ್ಕಿನಿಂದ ನೇರ ಇನ್ನೊಂದಕ್ಕೇ ಇಳಿಸುವಾಗ ಹೆಸರು ಅದಲುಬದಲಾದರೆ ಖಾಲಿ ಡಿಸ್ಕಿನ ನಕಲು ತುಂಬಿದ್ದರ ಮೇಲೆ ಕೂತುಬಿಡುತ್ತದೆ. ಇಮೇಜ್ ಇಳಿಸುವ ಡಿಸ್ಕ್ ಮೂಲಕ್ಕಿಂತ ದೊಡ್ಡದಿರಲಿ, ಅದರ ಫಾರ್ಮ್ಯಾಟ್ ಎಫ್‌ಎಟಿ 32 ಆಗಿರದಿರಲಿ. ಅದರಲ್ಲಿ ಒಂದು ಫೈಲಿಗೆ 4 ಜಿಬಿಯೇ ಮಿತಿ.

ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿಗೆ ಸುಮಾರು ಮೂರು ಗಂಟೆ. ಕೆಟ್ಟ ಡಿಸ್ಕಿಗೆ ದಿನಗಳೇ ಹಿಡಿದಾವು. ಮೇಜಿನ ಮೇಲೆ ಸಮತಟ್ಟಾಗಿಟ್ಟು ಫ್ಯಾನ್ ಗಾಳಿ ಬರುವಂತೆ ಮಾಡಿ, ಮುಟ್ಟದೆ ಬಿಡಿ. ನಕಲು ಮುಗಿದ ಮೇಲೆ ಮೂಲವನ್ನು ಕಳಚಿಟ್ಟು, ಟೆಸ್ಟ್‌ಡಿಸ್ಕ್, ಫೋಟೊರೆಕ್ ಮುಂತಾದ ಫೈಲು ಹುಡುಕಿಕೊಡುವ ತಂತ್ರಾಂಶಗಳನ್ನು ಇಮೇಜ್ ಮೇಲೆ ಓಡಿಸಿ. ಫೋಟೊರೆಕ್ ಫೈಲು ತರುತ್ತದೆ, ಆದರೆ ಹಳೆಯ ಹೆಸರು ತರುವುದಿಲ್ಲ. ಹತ್ತು ಸಾವಿರ ಫೋಟೊಗಳಿಗೆ ಹೆಸರಿಡುವ ಕೆಲಸ ಆಮೇಲೆ ನಿಮ್ಮದೇ.

ವಾರಂಟಿಯಿದ್ದರೆ ಹೊಸ ಡಿಸ್ಕ್ ಸಿಗಬಹುದು, ಒಳಗಿನ ಮಾಹಿತಿಗೆ ವಾರಂಟಿ ಇಲ್ಲ. ಡೇಟಾ ರಿಕವರಿಯವರ ಬಳಿ ಹೋಗುವಿರಾದರೆ ಧೂಳಿಲ್ಲದ ಕೋಣೆ, ಅಂದರೆ ಕ್ಲೀನ್ ರೂಮ್ ಇದೆಯೇ, ಮಾಹಿತಿ ಸಿಗದಿದ್ದರೂ ದುಡ್ಡು ಕೊಡಬೇಕೇ ಎಂದು ಮೊದಲೇ ಕೇಳಿ. ಡಿಸ್ಕ್ ಬಿದ್ದಿತ್ತೇ, ಯಾವ ಸದ್ದು ಬರುತ್ತಿತ್ತು, ನೀವೇನು ಪ್ರಯತ್ನಿಸಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗೇ ಕೊಡಿ.

ನಮಸ್ಕಾರ.