ಉದ್ಘಾಟನೆಯ ಮಾರನೇ ದಿನ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ತುಮಕೂರಿನ ಒಂದು ಸಣ್ಣ ಆರ್ಟ್ ಗ್ಯಾಲರಿಯ ಬಗ್ಗೆ ಮಾತಾಡಬೇಕು ಅಂತಿದ್ದೇನೆ. ಅದು ಯಾರೊಬ್ಬರ ಸ್ವಂತದ್ದಲ್ಲ. ಊರಿನ ಕೆಲವು ಚಿತ್ರಕಲಾವಿದರು, ಡ್ರಾಯಿಂಗ್ ಮೇಷ್ಟ್ರುಗಳು, ಒಬ್ಬ ಫ್ರೇಮ್ ಅಂಗಡಿಯವರು ಸೇರಿ ನಡೆಸುತ್ತಿರುವ ಜಾಗ. ಒಂದು ಹಾಲ್, ಹಿಂದೆ ಒಂದು ಕೋಣೆ, ಮುಂದೆ ಜಗಲಿ. ಚಿತ್ರ ತೂಗುಹಾಕುವುದರಿಂದ ಹಿಡಿದು ಬಂದವರಿಗೆ ನೀರು ಕೊಡುವವರೆಗೆ ಎಲ್ಲ ಕೆಲಸಕ್ಕೂ ನಾನು ಅಲ್ಲಿ ನಿಲ್ಲುತ್ತೇನೆ. ಈ ಕೆಲಸ ನನಗೆ ತುಂಬಾ ಇಷ್ಟ. ಅದಕ್ಕೇ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು ಅನ್ನಿಸಿದೆ.

ನಮ್ಮ ಊರುಗಳಲ್ಲಿ ಕಲಾ ಪ್ರದರ್ಶನ ಅಂದರೆ ಉದ್ಘಾಟನೆ ಅಂತಾಗಿಬಿಟ್ಟಿದೆ. ಭಾನುವಾರ ಬೆಳಿಗ್ಗೆ ವೇದಿಕೆ, ದೀಪ, ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ನೆನಪಿನ ಕಾಣಿಕೆ, ಐದಾರು ಜನರ ಭಾಷಣ. ಮಧ್ಯಾಹ್ನ ಊಟ. ಅತಿಥಿಗಳು ಒಂದು ಸುತ್ತು ಹಾಕುತ್ತಾರೆ, ಫೋಟೋ ಆಗುತ್ತದೆ. ಮಂಗಳವಾರದ ಹೊತ್ತಿಗೆ ಚಿತ್ರಗಳು ಗೋಡೆಯಿಂದ ಇಳಿದು ಆಟೋ ಹತ್ತಿರುತ್ತವೆ. ವರ್ಷಗಟ್ಟಲೆ ಕೂತು ಬರೆದ ಚಿತ್ರಕ್ಕೆ ಸಿಕ್ಕಿದ್ದು ಎರಡು ದಿನದ ಗೋಡೆ. ಇದು ಸರಿಯಲ್ಲ. ಪ್ರದರ್ಶನ ನಿಜವಾಗಿ ಶುರುವಾಗುವುದು ಉದ್ಘಾಟನೆಯ ಮಾರನೇ ದಿನ. ಬುಧವಾರ ಸಂಜೆ ತರಕಾರಿ ಚೀಲ ಹಿಡಿದು ಒಳಗೆ ಬರುವ ಒಬ್ಬರಿಗಾಗಿ ನಮ್ಮ ತಯಾರಿ ಇರಬೇಕು.

'ನಮ್ಮ ಜನಕ್ಕೆ ನೋಡುವ ಅಭ್ಯಾಸ ಇಲ್ಲ' ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಿದ್ಧಗಂಗೆಯ ಜಾತ್ರೆಗೆ ಹೋಗಿ ನೋಡಿ. ವಸ್ತುಪ್ರದರ್ಶನದ ಮಳಿಗೆಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ, ಎಷ್ಟು ಪ್ರಶ್ನೆ ಕೇಳುತ್ತಾರೆ! ಗುಬ್ಬಿಯ ನಾಟಕ ಕಂಪನಿಯನ್ನು ನೆನೆಸಿಕೊಳ್ಳಿ. ಅದು ಹುಟ್ಟಿದ್ದು 1884ರಲ್ಲಿ. ಮುಂದೆ ವೀರಣ್ಣನವರ ಕಾಲಕ್ಕೆ ರಂಗದ ಮೇಲೆ ಆನೆ, ಕುದುರೆಯೇ ಬಂದವು. ಅವುಗಳ ಹಿಂದೆ ತೂಗುತ್ತಿದ್ದ ಪರದೆಗಳ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಅರಮನೆ, ಉದ್ಯಾನ, ಕಾಡು, ಬೀದಿ. ಗೋಡೆಯಷ್ಟು ಅಗಲದ ಚಿತ್ರಗಳು ಅವು. ಆ ಕಾಲದ ಎಷ್ಟೋ ಹಳ್ಳಿಗರು ಅಷ್ಟು ದೊಡ್ಡ ಚಿತ್ರ ನೋಡಿದ್ದು ಕಂಪನಿ ನಾಟಕದ ಪರದೆಯಲ್ಲೇ ಇರಬೇಕು. ನೋಡುವ ಕಣ್ಣು ಇಲ್ಲಿ ಮೊದಲಿಂದಲೂ ಇದೆ.

ಹಾಗಾದರೆ ಗ್ಯಾಲರಿಗೆ ಯಾಕೆ ಬರುವುದಿಲ್ಲ? ನಾನು ಗಮನಿಸಿದ ಮಟ್ಟಿಗೆ, ಬಾಗಿಲಲ್ಲೇ ಅವರಿಗೆ ಸಂಕೋಚ. ಜಗಲಿಯಲ್ಲಿ ನಿಂತು ಇಣುಕುತ್ತಾರೆ. 'ಅಕ್ಕಾ, ಟಿಕೆಟ್ ಎಷ್ಟು?' ಅಂತ ಕೇಳುತ್ತಾರೆ. 'ಚಪ್ಪಲಿ ಎಲ್ಲಿ ಬಿಡಬೇಕು?' ಅಂತ ಕೇಳುತ್ತಾರೆ. ಒಬ್ಬ ಹುಡುಗ 'ಇದು ಯಾವ ಆಫೀಸು?' ಅಂತಲೇ ಕೇಳಿದ. ಈ ಪ್ರಶ್ನೆಗಳನ್ನು ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬಾಗಿಲ ಪಕ್ಕ ದಪ್ಪ ಅಕ್ಷರದಲ್ಲಿ ಒಂದು ಬೋರ್ಡ್ ಹಾಕಿದೆವು: ಒಳಗೆ ಬನ್ನಿ. ಟಿಕೆಟ್ ಇಲ್ಲ. ಚಪ್ಪಲಿ ಹಾಕಿಕೊಂಡೇ ಬರಬಹುದು. ಇಷ್ಟು ಹೊತ್ತೇ ಇರಬೇಕು ಅಂತೇನಿಲ್ಲ. ಆ ಬೋರ್ಡ್ ಮಾಡಿದಷ್ಟು ಕೆಲಸ ಯಾವ ಆಹ್ವಾನ ಪತ್ರಿಕೆಯೂ ಮಾಡಲಿಲ್ಲ.

ಹೊತ್ತಿನ ವಿಷಯವೂ ಅಷ್ಟೇ ಮುಖ್ಯ. ಹತ್ತರಿಂದ ಐದು ಅಂತ ಸಮಯ ಇಟ್ಟರೆ ಯಾರು ಬರಬೇಕು ಹೇಳಿ? ಆಗ ಎಲ್ಲರೂ ಕೆಲಸದಲ್ಲಿರುತ್ತಾರೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ನಾವು ಸಂಜೆ ನಾಲ್ಕರಿಂದ ಎಂಟು ಅಂತ ಬದಲಾಯಿಸಿದೆವು. ಒಂದು ಪ್ರದರ್ಶನ ಏನಿಲ್ಲವೆಂದರೂ ಮೂರು ವಾರ ಇರಬೇಕು ಅಂತ ನಿಯಮ ಮಾಡಿಕೊಂಡೆವು. ಮೊದಲ ವಾರ ನೋಡಿದವರು ಎರಡನೇ ವಾರ ಮನೆಯವರನ್ನು ಕರೆತರುತ್ತಾರೆ. ಅದಕ್ಕೆ ಅಷ್ಟು ದಿನ ಬೇಕೇ ಬೇಕು.

ಉದ್ಘಾಟನೆಯನ್ನು ಪೂರ್ತಿ ಬಿಟ್ಟಿಲ್ಲ. ಕಲಾವಿದರಿಗೆ ಅದೊಂದು ಸಂತೋಷದ ದಿನ, ಅದನ್ನು ಕಿತ್ತುಕೊಳ್ಳಬಾರದು. ವೇದಿಕೆ ಮಾತ್ರ ತೆಗೆದೆವು. ಬಂದ ಅತಿಥಿ ಒಂದು ಚಿತ್ರದ ಮುಂದೆ ನಿಂತು, ಅದರಲ್ಲಿ ತಮಗೆ ಕಂಡದ್ದನ್ನು ಹತ್ತು ನಿಮಿಷ ಹೇಳಬೇಕು. ಶಾಲು, ಹಾರ, ಫ್ಲೆಕ್ಸಿನ ದುಡ್ಡು ದೀಪಗಳಿಗೆ ಹೋಯಿತು.

ಈ ದೀಪದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶಾಲೆಗಳಲ್ಲಿ, ಸಂಘಗಳಲ್ಲಿ ಪ್ರದರ್ಶನ ಮಾಡುವವರು ಇದನ್ನು ಕೇಳುತ್ತಿದ್ದರೆ ಅವರಿಗೂ ಉಪಯೋಗಕ್ಕೆ ಬರಬಹುದು. ಎದುರು ಗೋಡೆಯಲ್ಲಿ ಟ್ಯೂಬ್‌ಲೈಟ್ ಇದ್ದರೆ ಚಿತ್ರದ ಗಾಜಿನಲ್ಲಿ ಆ ಟ್ಯೂಬ್‌ಲೈಟೇ ಕಾಣುತ್ತದೆ, ಚಿತ್ರ ಕಾಣುವುದಿಲ್ಲ. ಬೆಳಕು ಛಾವಣಿಯಿಂದ ಓರೆಯಾಗಿ, ನೇರ ಕೆಳಮುಖದಿಂದ ಸುಮಾರು 30 ಡಿಗ್ರಿ ವಾಲಿಸಿ ಬಿಟ್ಟರೆ ಗಾಜಿನ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ಇನ್ನು ಜಲವರ್ಣದ ಚಿತ್ರ ಬಿಸಿಲಿಗೆ ಬೇಗ ಬಣ್ಣ ಕಳೆದುಕೊಳ್ಳುತ್ತದೆ. ಹೀಗೆ ಹೋದ ಬಣ್ಣ ಮತ್ತೆ ಬರುವುದಿಲ್ಲ. ಅದಕ್ಕೇ ಮ್ಯೂಸಿಯಂಗಳಲ್ಲಿ ಕಾಗದದ ಮೇಲಿನ ಚಿತ್ರಕ್ಕೆ ಸುಮಾರು 50 ಲಕ್ಸ್ ಬೆಳಕು ಸಾಕು ಅಂತ ಇಟ್ಟುಕೊಂಡಿರುತ್ತಾರೆ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಅದು ತುಸು ಮಂದ ಬೆಳಕು. ಒಳಗೆ ಬಂದು ಒಂದೆರಡು ನಿಮಿಷ ಆದಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ನಮ್ಮ ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿರುವುದು ಇದೇ ಕಾರಣಕ್ಕೆ.

ತೂಗುಹಾಕುವ ಎತ್ತರದ್ದು ಇನ್ನೊಂದು ಲೆಕ್ಕ. ಚಿತ್ರದ ಮೇಲ್ತುದಿಗಳನ್ನು ಒಂದೇ ಗೆರೆಯಲ್ಲಿ ಇಡುವವರು ಜಾಸ್ತಿ. ನಾವು ನಡುವನ್ನು ನೋಡುತ್ತೇವೆ. ಚಿತ್ರ ದೊಡ್ಡದಿರಲಿ, ಚಿಕ್ಕದಿರಲಿ, ಅದರ ನಡು ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರದಲ್ಲಿರಬೇಕು. ದೊಡ್ಡವರ ಕಣ್ಣಿಗೆ ಅದು ಸರಿಹೋಗುತ್ತದೆ. ಮಕ್ಕಳ ಚಿತ್ರಗಳ ಪ್ರದರ್ಶನ ಮಾಡಿದಾಗ ಎಲ್ಲವನ್ನೂ 120ಕ್ಕೆ ಇಳಿಸಿದೆವು. ಅಂದು ದೊಡ್ಡವರು ಬಗ್ಗಿ ನೋಡಿದರು. ಮಕ್ಕಳು ತಮ್ಮ ಚಿತ್ರದ ಮುಂದೆ ನೆಟ್ಟಗೆ ನಿಂತು ಅಪ್ಪ ಅಮ್ಮನಿಗೆ ವಿವರಿಸಿದರು. ಮಳೆಗಾಲಕ್ಕೆ ಇನ್ನೊಂದು ಮಾತು: ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದು ತಪ್ಪುತ್ತದೆ.

ಈಗ ಪ್ರದರ್ಶನಗಳಿಗೆ ಬರೋಣ. ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಮೂಡಲಪಾಯ ಯಕ್ಷಗಾನದ ವೇಷಭೂಷಣಗಳ ಪ್ರದರ್ಶನ. ಯಕ್ಷಗಾನ ಅಂದರೆ ಕರಾವಳಿ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ತಿಪಟೂರು, ತುರುವೇಕೆರೆ ಸೀಮೆಯಲ್ಲಿ ರಾತ್ರಿಯಿಡೀ ಆಡುವ ಮೂಡಲಪಾಯ ಇದೆ. ಅದರ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರ ಮರದಲ್ಲಿ ಕೆತ್ತಿ, ಬಣ್ಣದ ಕಾಗದ, ಕನ್ನಡಿ ಚೂರು ಅಂಟಿಸಿ ಮಾಡುತ್ತಾರೆ. ಒಂದು ಮೇಳದವರು ನಂಬಿ ಕೊಟ್ಟರು. ಬಿಳಿ ಗೋಡೆಯ ಮುಂದೆ, ಬೆಳಗುವ ದೀಪದ ಕೆಳಗೆ ಸಾಲಾಗಿ ಇಟ್ಟೆವು. ಚೆನ್ನಾಗಿಯೇ ಇತ್ತು. ಆದರೆ ವಯಸ್ಸಾದ ಭಾಗವತರು ಬಂದವರು ಸುತ್ತ ನೋಡಿ, 'ಅಮ್ಮಾ, ಇಷ್ಟು ಬೆಳಕಿನಲ್ಲಿ ಇದು ಬರೀ ಕಾಗದ, ಕನ್ನಡಿ. ಆರಿಸಿ ನೋಡಿ' ಅಂದರು. ಎಲ್ಲ ದೀಪ ಆರಿಸಿದೆವು. ಒಂದೇ ಒಂದು ಹಳದಿ ದೀಪವನ್ನು ಅವರು ತಾವೇ ಕೈಯಲ್ಲಿ ಹಿಡಿದು, ಕಿರೀಟದ ಮುಂದೆ ನಿಧಾನವಾಗಿ ಆಡಿಸಿದರು. ಕನ್ನಡಿ ಚೂರುಗಳೆಲ್ಲ ಎದ್ದು ಕೂತವು. ಎದುರು ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳು ಓಡಾಡಿದವು. ಪೆಟ್ರೋಮ್ಯಾಕ್ಸ್ ಬೆಳಕಿಗಾಗಿ, ಕುಣಿಯುವ ಮೈಗಾಗಿ ಮಾಡಿದ ವಸ್ತು ಅದು. ಅವತ್ತಿನಿಂದ ಪ್ರದರ್ಶನ ಮುಗಿಯುವವರೆಗೂ ದಿನಾ ಸಂಜೆ ಏಳಕ್ಕೆ ಹಾಲಿನ ದೀಪ ಆರಿಸುತ್ತಿದ್ದೆವು. ಪಕ್ಕದ ಬೀದಿಯವರು ಆ ಹೊತ್ತಿಗೇ ಬರುವುದು ರೂಢಿಯಾಯಿತು. ಕಲಾವಿದರು ಬಂದು ನಮ್ಮ ಹಾಲಿನ ದೀಪ ಆರಿಸಿಸಿದ್ದು ನನಗೆ ಎಷ್ಟು ಹೆಮ್ಮೆಯ ವಿಷಯ ಗೊತ್ತಾ? ಗೋಡೆ ಅವರದ್ದೂ ಹೌದು ಅನ್ನುವುದು ಅದರಿಂದ ಎಲ್ಲರಿಗೂ ತಿಳಿಯಿತು.

ಗೂಳೂರು ಗಣೇಶನ ಫೋಟೋಗಳ ಪ್ರದರ್ಶನಕ್ಕೆ ಬಂದಷ್ಟು ಜನ ಬೇರೆ ಯಾವುದಕ್ಕೂ ಬಂದಿಲ್ಲ. ಚೌತಿಯಂದು ಮೂರ್ತಿಯ ಕೆಲಸ ಶುರುವಾಗಿ, ದೀಪಾವಳಿಯ ಹೊತ್ತಿಗೆ ಪೂಜೆಗೆ ಸಿದ್ಧವಾಗುವ ದೊಡ್ಡ ಮಣ್ಣಿನ ಗಣಪ. ಒಬ್ಬ ಹುಡುಗ ಅಷ್ಟೂ ದಿನ ಅಲ್ಲಿಗೆ ಹೋಗಿ, ಮಣ್ಣು ಹದ ಮಾಡುವ ಕೈಗಳನ್ನೇ ಜಾಸ್ತಿ ತೆಗೆದಿದ್ದ. ಗೂಳೂರಿನಿಂದ ಬಂದವರು ಕೈ ನೋಡಿಯೇ ಇದು ಇಂಥವರದ್ದು ಅಂತ ಗುರುತು ಹಿಡಿದರು.

ಇನ್ನೊಮ್ಮೆ ಕಾಲೇಜು ಮಕ್ಕಳನ್ನು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ನೊಳಂಬರ ಕಾಲದ ಕಲ್ಲೇಶ್ವರ ಗುಡಿ ಇದೆ, ಒಂಬತ್ತನೇ ಶತಮಾನದ್ದು. ಅದರ ಛಾವಣಿಯಲ್ಲಿ ಕುಣಿಯುವ ಶಿವ, ಸುತ್ತ ದಿಕ್ಪಾಲಕರು. ತಲೆ ಎತ್ತಿ ನೋಡಿದರೆ ಐದು ನಿಮಿಷಕ್ಕೇ ಕತ್ತು ನೋಯುತ್ತದೆ. ಮಕ್ಕಳು ಚಾಪೆ ಹಾಸಿ ಅಂಗಾತ ಮಲಗಿ, ಎದೆಯ ಮೇಲೆ ಹಲಗೆ ಇಟ್ಟುಕೊಂಡು ಬರೆದರು. ಆ ಸ್ಕೆಚ್‌ಗಳನ್ನು ಗೋಡೆಗೆ ಹಾಕಿದಾಗ ಒಂದು ವಿಷಯ ಕಂಡಿತು. ಒಬ್ಬೊಬ್ಬರ ಶಿವನ ಕಾಲು ಒಂದೊಂದು ಥರ ಎದ್ದಿದೆ. ಮಲಗಿದ ಜಾಗ ಬದಲಾದರೆ ಕುಣಿತವೇ ಬದಲಾಗುತ್ತದೆ. ತುಮಕೂರಿನ ಹತ್ತಿರದ ಕೈದಾಳಕ್ಕೂ ಹೀಗೇ ಹೋಗಬೇಕು ಅಂತ ಮಕ್ಕಳೇ ಕೇಳಿದ್ದಾರೆ. ಜಕಣಾಚಾರಿಯ ಕಥೆ ಕೇಳಿ ಬೆಳೆದವರಿಗೆ ಅಲ್ಲಿನ ಚೆನ್ನಕೇಶವನ ಮುಂದೆ ಪೆನ್ಸಿಲ್ ಹಿಡಿಯುವುದು ಬೇರೆಯೇ ಅನುಭವ ಆಗುತ್ತದೆ.

ಕಾರ್ಯಕ್ರಮಗಳಲ್ಲಿ ಹೆಚ್ಚು ಕೈ ಕೂಡಿದ್ದು ಲಿನೋ ಪ್ರಿಂಟ್ ಶಿಬಿರಕ್ಕೆ. ಲಿನೋಲಿಯಂ ಹಾಳೆಯ ಮೇಲೆ ಉಳಿಯಿಂದ ಕೊರೆದು, ರೋಲರಿನಿಂದ ಶಾಯಿ ಹಚ್ಚಿ, ಮೇಲೆ ಕಾಗದ ಇಟ್ಟು ಉಜ್ಜಿದರೆ ಚಿತ್ರ ಇಳಿಯುತ್ತದೆ. ನಮ್ಮಲ್ಲಿ ಪ್ರೆಸ್ ಇರಲಿಲ್ಲ. ಮರದ ಸೌಟಿನ ಬೆನ್ನಿನಿಂದ ಉಜ್ಜಿದೆವು, ಚೆನ್ನಾಗಿ ಬಂತು. ಒಬ್ಬ ಹುಡುಗಿ ತನ್ನ ಚಿತ್ರದ ಕೆಳಗೆ ಕಷ್ಟಪಟ್ಟು ಹೆಸರು ಕೊರೆದಿದ್ದಳು. ಪ್ರಿಂಟ್ ತೆಗೆದಾಗ ಹೆಸರು ಹಿಂದುಮುಂದಾಗಿತ್ತು. ಅವಳಮ್ಮ ಬ್ಯಾಗಿನಿಂದ ಸಣ್ಣ ಕನ್ನಡಿ ತೆಗೆದು ಪಕ್ಕದಲ್ಲಿ ಹಿಡಿದರು, ಅದರಲ್ಲಿ ಹೆಸರು ಸರಿಯಾಗಿ ಓದಲು ಬಂತು. ಆಮೇಲೆ ಎಲ್ಲ ಮಕ್ಕಳೂ ಆ ಕನ್ನಡಿ ನೋಡಿಕೊಂಡೇ ಅಕ್ಷರ ಕೊರೆದರು.

ಈ ಪ್ರಿಂಟ್‌ಗಳಿಂದ ಇನ್ನೊಂದು ಅನುಕೂಲ ಇದೆ. ಒಂದೇ ಅಚ್ಚಿನಿಂದ ಕಲಾವಿದರು ಇಪ್ಪತ್ತೋ ಮೂವತ್ತೋ ಪ್ರತಿ ತೆಗೆಯುತ್ತಾರೆ. ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ 1/20, 2/20 ಹೀಗೆ ನಂಬರ್ ಹಾಕಿ ಸಹಿ ಮಾಡುತ್ತಾರೆ. ಇದು ನಕಲಲ್ಲ, ಇಪ್ಪತ್ತೂ ಅಸಲೇ. ಒಂದೇ ಇರುವ ತೈಲವರ್ಣದ ಚಿತ್ರಕ್ಕಿಂತ ಬೆಲೆ ಕಡಿಮೆ. ಸಂಬಳದಲ್ಲಿ ಬದುಕುವ ಮನೆಯವರೂ ಒಂದು ಕೊಂಡು ಹಜಾರದಲ್ಲಿ ಹಾಕಿಕೊಳ್ಳಬಹುದು. ದಯವಿಟ್ಟು ಬೆಲೆ ಕೇಳಲು ನಾಚಿಕೊಳ್ಳಬೇಡಿ. ನಾವು ಚೀಟಿಯಲ್ಲೇ ಬೆಲೆ ಬರೆದಿರುತ್ತೇವೆ. ಚೀಟಿ ಕನ್ನಡದಲ್ಲೇ ಇರುತ್ತದೆ: ಕಲಾವಿದರ ಹೆಸರು, ಊರು, ಯಾವ ಬಣ್ಣ, ಯಾವುದರ ಮೇಲೆ, ಯಾವ ವರ್ಷ. ಊರಿನ ಹೆಸರು ಹಾಕಲೇಬೇಕು ಅಂತ ನಾನು ಹಟ ಮಾಡಿದೆ. ಪಾವಗಡ, ಶಿರಾ, ಕುಣಿಗಲ್ ಅಂತ ಓದಿದ ಕೂಡಲೇ ಜನ ಆ ಚಿತ್ರದ ಹತ್ತಿರ ಹೋಗುತ್ತಾರೆ.

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುವಾಗ ನಮ್ಮ ಜಿಲ್ಲೆಯ ಹುಡುಗರೂ ಬೆಳಗಿನ ರೈಲಿಗೆ ಚಿತ್ರ ಕಟ್ಟಿಕೊಂಡು ಹೋಗುತ್ತಾರೆ. ಹೋಗಲಿ, ಅಲ್ಲಿ ಸಿಗುವ ನೋಟ, ಗಿರಾಕಿ, ಗೆಳೆತನ ಬೇರೆ ಕಡೆ ಸಿಗುವುದಿಲ್ಲ. ಆದರೆ ಮೊದಲ ಪ್ರದರ್ಶನ ತನ್ನ ಊರಿನಲ್ಲೇ ಆಗಬೇಕು ಅನ್ನುವುದು ನನ್ನ ಆಸೆ. ಪಾಠ ಹೇಳಿದ ಮೇಷ್ಟ್ರು, ಬಣ್ಣದ ಡಬ್ಬಿಗೆ ಸಾಲ ಕೊಟ್ಟ ಅಂಗಡಿಯವರು, ರಾತ್ರಿ ದೀಪ ಆರಿಸು ಅಂತ ಬೈದ ಅಜ್ಜಿ, ಇವರೆಲ್ಲ ನಡೆದು ಬರುವಷ್ಟು ಹತ್ತಿರದಲ್ಲಿ.

ಇದನ್ನು ಕೇಳುತ್ತಿರುವ ಶಾಲೆಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಕೋರಿಕೆ. ಮಕ್ಕಳನ್ನು ಗ್ಯಾಲರಿಗೆ ಕರೆದುಕೊಂಡು ಬನ್ನಿ. ಇಡೀ ಶಾಲೆಯನ್ನು ಒಂದೇ ಸಲ ತರಬೇಡಿ, ಒಂದು ತರಗತಿ ಸಾಕು. ಎಲ್ಲ ಚಿತ್ರ ತೋರಿಸಬೇಕು ಅಂತ ಸಾಲು ಮಾಡಿ ಓಡಿಸಬೇಡಿ. ಒಂದು ಗಂಟೆ ಕೊಡಿ. ತನಗೆ ಇಷ್ಟವಾದ ಒಂದು ಚಿತ್ರದ ಮುಂದೆ ಪ್ರತಿ ಮಗುವೂ ನೆಲದ ಮೇಲೆ ಕೂತು ಅದನ್ನು ನೋಡಿ ಬರೆಯಲಿ. ಚೆನ್ನಾಗಿ ಬಂದಿದೆಯೋ ಇಲ್ಲವೋ ಅಂತ ಅಲ್ಲಿ ಹೇಳಲು ಹೋಗಬೇಡಿ. ಪೆನ್ನು ಬೇಡ, ಶಾಯಿ ಸಿಡಿದರೆ ಚಿತ್ರಕ್ಕೆ ಕಲೆಯಾಗುತ್ತದೆ. ಪೆನ್ಸಿಲ್, ಕಾಗದ, ಬರೆಯುವ ಹಲಗೆ ನಮ್ಮಲ್ಲೇ ಇವೆ. ಶಾಲೆಯವರಿಗಾಗಿ ಬೆಳಗ್ಗೆಯೂ ಬಾಗಿಲು ತೆಗೆಯುತ್ತೇವೆ, ಮೊದಲೇ ಒಂದು ಮಾತು ತಿಳಿಸಿದರೆ ಸಾಕು.

ನಮಸ್ಕಾರ.