ಅಪೀಲಿನ ಗಡುವು ಮೀರಿದಾಗ

ಎಲ್ಲರಿಗೂ ನಮಸ್ಕಾರ.

ಸಿವಿಲ್ ಕೇಸಿನಲ್ಲಿ ಸೋತವರಿಗೆ ಮೇಲಿನ ಕೋರ್ಟಿಗೆ ಹೋಗಬಹುದು ಅನ್ನುವುದು ಗೊತ್ತಿರುತ್ತದೆ. ಎಷ್ಟು ದಿನದೊಳಗೆ ಅನ್ನುವುದು ಎಷ್ಟೋ ಜನಕ್ಕೆ ತಿಳಿಯುವುದು ಎದುರು ಪಾರ್ಟಿ ಅಮಲ್ಜಾರಿ (ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ; ಡಿಕ್ರಿ ಅಂದರೆ ತೀರ್ಪಿನಂತೆ ಕೋರ್ಟು ಹೊರಡಿಸುವ ಆದೇಶ) ಹಾಕಿ ಮನೆಗೆ ನೋಟಿಸು ಬಂದ ಮೇಲೆ. ಅಂಥವರಿಗೂ ದಾರಿ ಇದೆ. ಅದನ್ನು ಹಕ್ಕೆಂದು ಕೇಳಲಾಗದು, ಕಾರಣ ತೋರಿಸಿ ಕೇಳಬೇಕು.

ಮೊದಲು ಲೆಕ್ಕ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಡಿಕ್ರಿಯ ಮೇಲಿನ ಅಪೀಲಿಗೆ ಹೈಕೋರ್ಟಾದರೆ 90 ದಿನ, ಕೆಳಗಿನ ಅಪೀಲು ಕೋರ್ಟಾದರೆ 30 ದಿನ. ತೀರ್ಪು ಹೇಳಿದ ದಿನ ಬಿಟ್ಟು ಎಣಿಸಬೇಕು. ತೀರ್ಪಿನ ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನೂ ಕಳೆಯಬೇಕು. ನಿಮ್ಮ ಕೈಲಿರುವ ನಕಲನ್ನೊಮ್ಮೆ ತಿರುವಿ ನೋಡಿ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಅದನ್ನು ಪಡೆದ ದಿನ ಎಂದು ಸೀಲು ಹಾಕಿ ತುಂಬಿರುತ್ತಾರೆ. ಅರ್ಜಿ ಕೊಟ್ಟಲ್ಲಿಂದ ಸಿದ್ಧವಾಗುವವರೆಗಿನ ದಿನಗಳಷ್ಟೇ ನಿಮಗೆ ಸಿಗುವುದು. ಸಿದ್ಧವಾದ ನಕಲನ್ನು ತಿಂಗಳು ಬಿಟ್ಟು ತಂದರೆ ಆ ತಿಂಗಳು ಸಿಗುವುದಿಲ್ಲ. ಗಡುವು ಮುಗಿದ ಮೇಲೆ ನಕಲಿಗೆ ಅರ್ಜಿ ಹಾಕಿದವರಿಗಂತೂ ಈ ಅನುಕೂಲವೇ ಇಲ್ಲ. ಅದಕ್ಕೇ ನಾನು ಕಕ್ಷಿದಾರರಿಗೆ ಹೇಳುವುದು, ಅಪೀಲು ಹಾಕುವ ಮನಸ್ಸು ಇನ್ನೂ ಆಗಿರದಿದ್ದರೂ ತೀರ್ಪಿನ ದಿನವೇ ನಕಲಿಗೆ ಅರ್ಜಿ ಹಾಕಿಬಿಡಿ ಎಂದು.

ಇಷ್ಟರ ಮೇಲೂ ತಡವಾದರೆ ಕಾಯ್ದೆಯ 5ನೇ ಕಲಂ ಇದೆ. ಅಪೀಲಿನ ಜೊತೆಗೇ ವಿಳಂಬ ಮನ್ನಾಕ್ಕೆ, ಅಂದರೆ ತಡವನ್ನು ಮನ್ನಿಸಿ ಎಂದು, ಅರ್ಜಿ, ಅದಕ್ಕೊಂದು ಅಫಿಡವಿಟ್ಟು (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ). ನನ್ನ ಮಟ್ಟಿಗೆ ಅಪೀಲಿನ ಹಣೆಬರಹ ನಿರ್ಧಾರವಾಗುವುದು ಈ ಅಫಿಡವಿಟ್ಟಿನಲ್ಲಿ. "ಅನಾರೋಗ್ಯದಿಂದ ವಕೀಲರನ್ನು ಕಾಣಲಾಗಲಿಲ್ಲ" ಎಂಬ ಒಂದೇ ಸಾಲು ಸಾಲದು. ಯಾವ ಕಾಯಿಲೆ, ಯಾವ ಆಸ್ಪತ್ರೆ, ಯಾವತ್ತು ಸೇರಿದಿರಿ, ಯಾವತ್ತು ಡಿಸ್ಚಾರ್ಜ್ ಆಯಿತು, ಆಮೇಲಿನ ದಿನಗಳಲ್ಲಿ ಏನು ಮಾಡಿದಿರಿ, ಎಲ್ಲವೂ ತಾರೀಖಿನ ಸಮೇತ ಬರಬೇಕು, ಚೀಟಿ ಲಗತ್ತಿಸಬೇಕು. ಗಡುವಿನೊಳಗಿನ ದಿನಗಳಲ್ಲಿ ಏಕೆ ಸುಮ್ಮನಿದ್ದಿರಿ ಎಂದು ಕೋರ್ಟು ಲೆಕ್ಕ ಕೇಳುವಂತಿಲ್ಲ, ಗಡುವಿನ ಕೊನೆಯ ದಿನದಿಂದ ಮುಂದಕ್ಕೆ ವಿವರಿಸಬೇಕು ಎಂದು 1961ರಲ್ಲಿ ರಾಮಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು.

ಎಷ್ಟು ದಿನ ತಡವಾಯಿತು ಅನ್ನುವುದಕ್ಕಿಂತ ಏಕೆ ಅನ್ನುವುದು ದೊಡ್ಡದು. 1998ರ ಬಾಲಕೃಷ್ಣನ್ ಪ್ರಕರಣದಲ್ಲಿ ಅರ್ಜಿ 883 ದಿನ ತಡವಾಗಿತ್ತು. ವಕೀಲರನ್ನು ನಂಬಿ ಮೋಸಹೋದೆ ಎಂದ ಆತ ಆ ವಕೀಲರ ವಿರುದ್ಧ ಗ್ರಾಹಕರ ವೇದಿಕೆಯಲ್ಲಿ ಪರಿಹಾರದ ಆದೇಶವನ್ನೂ ಪಡೆದಿದ್ದರು. ಸುಪ್ರೀಂ ಕೋರ್ಟು ವಿಳಂಬ ಮನ್ನಾ ಮಾಡಿತು. ಅದೇ 2013ರಲ್ಲಿ, ನಮ್ಮ ಕರ್ನಾಟಕದಿಂದಲೇ ಹೋದ ಬಸವರಾಜ್ ಅವರ ಭೂಸ್ವಾಧೀನ ಪ್ರಕರಣದಲ್ಲಿ ಐದೂವರೆ ವರ್ಷದ ವಿಳಂಬಕ್ಕೆ ಒಪ್ಪುವಂಥ ಕಾರಣ ಕಾಣಲಿಲ್ಲ. ಕಾಲಮಿತಿ ಒಬ್ಬರಿಗೆ ಕಠೋರ ಅನ್ನಿಸಿದರೂ ಪಾಲಿಸಲೇಬೇಕು ಎಂದಿತು ಕೋರ್ಟು. ಭೂಮಿ ಕಳೆದುಕೊಂಡವರ ವಿಷಯದಲ್ಲಿ ಆ ಮಾತು ಕೇಳಲು ನನಗೆ ಸಂಕಟ. ಆದರೆ ಗೆದ್ದವರೂ ಎಷ್ಟು ವರ್ಷ ಅಂತ ಕಾಯಬೇಕು?

ಇನ್ನು ಹೆಣ್ಣುಮಕ್ಕಳ ಮಾತು. ಅಣ್ಣತಮ್ಮಂದಿರು ತಮ್ಮತಮ್ಮಲ್ಲೇ ಭಾಗದ ದಾವೆ ನಡೆಸಿ ಡಿಕ್ರಿ ಮಾಡಿಸಿಕೊಂಡಿರುತ್ತಾರೆ. ಅಕ್ಕತಂಗಿಯರು ಅದರಲ್ಲಿ ಪಾರ್ಟಿಯೇ ಅಲ್ಲ. ಎಷ್ಟೋ ವರ್ಷದ ನಂತರ ಪಹಣಿ ತೆಗೆಸಿದಾಗ ವಿಷಯ ಗೊತ್ತಾಗುತ್ತದೆ. ಆಕೆ ಎರಡು ಅರ್ಜಿ ಹಾಕಬೇಕು: ಪಾರ್ಟಿ ಅಲ್ಲದಿದ್ದರೂ ಅಪೀಲು ಮಾಡಲು ಅನುಮತಿ ಕೊಡಿ ಎಂದೊಂದು, ವಿಳಂಬ ಮನ್ನಾಕ್ಕೆ ಇನ್ನೊಂದು. ಪಹಣಿ ಪಡೆದ ತಾರೀಖು ಇಲ್ಲಿ ಮುಖ್ಯ ಸಾಕ್ಷಿ. ಹಕ್ಕಿಗೆ ಹೊಸದಾಗಿ ಸಾಕ್ಷ್ಯ ಕೊಡಬೇಕಾದಲ್ಲಿ ಬೇರೆ ದಾವೆ ಹೂಡುವುದೇ ವಾಸಿ ಎಂದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ವಿಳಂಬದ ಅರ್ಜಿ ಬಾಕಿ ಇರುವಾಗ, ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳುವ ತೀರ್ಮಾನವಾಗುವವರೆಗೆ, ಡಿಕ್ರಿಗೆ ತಡೆಯಾಜ್ಞೆ ಕೊಡುವಂತಿಲ್ಲ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 3ಎ ನಿಯಮ. ಅಷ್ಟರಲ್ಲಿ ಅಮಲ್ಜಾರಿ ಮುಂದುವರಿಯಬಹುದು. ಆದ್ದರಿಂದ ವಿಳಂಬದ ಅರ್ಜಿಯನ್ನು ಬೇಗ ವಿಚಾರಣೆಗೆ ತೆಗೆದುಕೊಳ್ಳುವಂತೆ ನಿಮ್ಮ ವಕೀಲರಿಂದ ಕೇಳಿಸಿ.

ಫೀಸಿಗೆ ಹಣವಿಲ್ಲವೆಂದು ದಿನ ದೂಡಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ತೀರ್ಪಿನ ನಕಲು, ನೋಟಿಸಿನ ಲಕೋಟೆ, ಆಸ್ಪತ್ರೆಯ ಚೀಟಿ, ಇರುವುದನ್ನೆಲ್ಲ ಜೊತೆಗೆ ತನ್ನಿ.